ಲಾಕ್ ಇದ್ದ ಪ್ರೊಸೆಸರ್, ಸಿದ್ದವ್ವನ ಪದ

ಇಂಡಿ ಬಸ್ ನಿಲ್ದಾಣದ ಹಿಂದೆ ದಾವಲಮಲಿಕನ ಅಂಗಡಿ. ಮದುವೆಗಳ ವಿಡಿಯೊ ತೆಗೆದು ಎಡಿಟ್ ಮಾಡಿ ಕೊಡುವುದು ಅವನ ಕಸುಬು. ಸಾಲೋಟಗಿಯ ಖಂಡೆಪ್ಪನ ಮಗಳು ಭಾಗ್ಯಜ್ಯೋತಿಯ ಮದುವೆಯನ್ನೂ ಅವನೇ ಚಿತ್ರಿಸಿದ್ದ. ಅರಿಷಿಣದ ದಿನ ಖಂಡೆಪ್ಪನ ತಾಯಿ ಸಿದ್ದವ್ವ ಸೋಬಾನ ಪದ ಹಾಡಿದ್ದಳು. ಉದ್ದನೆಯ ಪದ, ಪೂರ್ತಿ ಬರುತ್ತಿದ್ದದ್ದು ಅವಳೊಬ್ಬಳಿಗೇ.

ಮದುವೆಯ ನಂತರ ಮುದುಕಿ ಹಾಸಿಗೆ ಹಿಡಿದಳು. ತಾನು ಹಾಡಿದ್ದನ್ನು ನೋಡಬೇಕೆಂದು ಹಂಬಲಿಸುತ್ತಿದ್ದಾಳೆ, ಲಗೂನ ಕೊಡು ಎಂದು ಖಂಡೆಪ್ಪ ಫೋನ್ ಮಾಡಿದ. ಆ ಪದದ ವಿಡಿಯೊ ತುಣುಕನ್ನಷ್ಟೇ ಅಂದೇ ಕೊಟ್ಟು ಬರಬಹುದಿತ್ತು. ಆದರೆ ಇಡೀ ಮದುವೆಯನ್ನು ಅಂದವಾಗಿ ಜೋಡಿಸಿ ತೋರಿಸುವ ಆಸೆ ದಾವಲಮಲಿಕನಿಗೆ.

ಅವನ ಕಂಪ್ಯೂಟರ್ ಹಳೆಯದು, ನಿಧಾನದ್ದು. ಪ್ರೊಸೆಸರಿನ ವೇಗ ಏರಿಸಬಹುದೇ ಎಂದು ರಿಪೇರಿ ಮಾಡುವ ಗೆಳೆಯ ಮುಬಿನನನ್ನು ಕೇಳಿದ. ಬೋರ್ಡಿನ ಎಲ್ಲ ಭಾಗಗಳಿಗೂ ತಾಳ ಹಾಕುವ ಮೂಲ ಕ್ಲಾಕನ್ನು ಮಲ್ಟಿಪ್ಲೈಯರ್ ಎಂಬ ಸಂಖ್ಯೆಯಿಂದ ಗುಣಿಸಿದರೆ ಬರುವುದೇ ಪ್ರೊಸೆಸರಿನ ವೇಗ ಎಂದು ಮುಬಿನ ತಿಳಿಸಿ ಹೇಳಿದ. ಮಲ್ಟಿಪ್ಲೈಯರ್ ಏರಿಸಿದರೆ ಪ್ರೊಸೆಸರ್ ಮಾತ್ರ ಜೋರಾಗಿ ಓಡುತ್ತದೆ. ಆದರೆ ಇದರಲ್ಲಿ ಕಂಪನಿಯವರೇ ಅದನ್ನು ಲಾಕ್ ಮಾಡಿದ್ದಾರೆ. ಏರಿಸಲು ಉಳಿದದ್ದು ಮೂಲ ಕ್ಲಾಕ್ ಒಂದೇ.

“ಅದನ್ನ ಮುಟ್ಟಬ್ಯಾಡ. ಇಂಥಾ ಹಳೇ ಬೋರ್ಡಿನ್ಯಾಗ ಹಾರ್ಡ್ ಡಿಸ್ಕಿನ ಕೆಲಸಾನೂ ಅದರ ಮ್ಯಾಲೇ ನಡಿತೈತಿ. ಫೈಲ್ ಕೆಡ್ತಾವು,” ಎಂದ.

ದಾವಲಮಲಿಕ ಮುಟ್ಟಿದ. ಸ್ವಲ್ಪ ಏರಿಸಿದಾಗ ಕೆಲಸ ತುಸು ಚುರುಕಾಯಿತು, ಇನ್ನಷ್ಟು ಏರಿಸಿದ. ಊಟ ಮಾಡಿ ಬರುವಷ್ಟರಲ್ಲಿ ಕಂಪ್ಯೂಟರ್ ನಿಂತುಬಿಟ್ಟಿತ್ತು. ಮತ್ತೆ ಚಾಲೂ ಮಾಡಿದರೆ ಮದುವೆಯ ಒಂದು ಫೈಲೂ ತೆರೆಯಲಿಲ್ಲ. ಕ್ಯಾಮೆರಾದ ಕಾರ್ಡನ್ನು ಬೇರೆ ಮದುವೆಗೆಂದು ಆಗಲೇ ಖಾಲಿ ಮಾಡಿದ್ದ. ಮುಬಿನ ಎಷ್ಟು ಹೆಣಗಿದರೂ ಕೆಲವು ಫೋಟೊ ಬಿಟ್ಟರೆ ಏನೂ ಸಿಗಲಿಲ್ಲ.

ಫೋನಿನಲ್ಲಿ ಹೇಳಲು ಧೈರ್ಯ ಬಾರದೆ ಟೆಂಪೊ ಹತ್ತಿ ಸಾಲೋಟಗಿಗೆ ಹೋದ. ಆದದ್ದನ್ನು ಹೇಳಿದ. ಖಂಡೆಪ್ಪ ಎದ್ದು ಹೊರಗೆ ಹೋದ. ಸಿದ್ದವ್ವ ಮಾತ್ರ ಹತ್ತಿರ ಕರೆದಳು.

“ಹೋದ್ರ ಹೋತ್ ಬಿಡೊ ತಮ್ಮಾ. ಕ್ಯಾಮೆರಾ ತಂದೀಯಿಲ್ಲ? ಇನ್ನೊಮ್ಮೆ ಹಾಡ್ತೇನಿ.”

ಅವನು ಹೆಗಲಿನ ಚೀಲದಿಂದ ಕ್ಯಾಮೆರಾ ತೆಗೆದು ಹಿಡಿದ. ಅವಳು ಪದದ ಮೊದಲ ಎರಡು ನುಡಿ ಹಾಡಿದಳು. ಮುಂದಿನದಕ್ಕೆ ಉಸಿರು ಸಾಲಲಿಲ್ಲ. ಉಳಿದದ್ದು ನಾಳೆ ಎಂದಳು. ಮರುದಿನ ಅವಳಿಗೆ ಮಾತೇ ಏಳಲಿಲ್ಲ. ಆ ವಾರವೇ ತೀರಿಕೊಂಡಳು.

ಆ ಎರಡು ನುಡಿಯ ವಿಡಿಯೊವನ್ನು ದಾವಲಮಲಿಕ ಕತ್ತರಿ ಹಾಕದೆ, ಕೆಮ್ಮಿನ ಸಮೇತ, ಭಾಗ್ಯಜ್ಯೋತಿಗೆ ಕೊಟ್ಟ. ಅವಳು ಸಿಟ್ಟಾಗಲಿಲ್ಲ. ಅರಿಷಿಣದ ದಿನ ಅಜ್ಜಿಯ ಎದುರಿಗೇ ನಿಂತಿದ್ದವನು ನೀನು, ಮುಂದಿನ ನುಡಿ ಏನಾದರೂ ನೆನಪಿದೆಯೇ ಎಂದು ಕೇಳಿದಳು.

“ಇಲ್ಲ ತಂಗಿ,” ಎಂದ ದಾವಲಮಲಿಕ. “ಅವತ್ತ ನಾ ಕ್ಯಾಮೆರಾದಾಗ ಬರೇ ಬೆಳಕ ನೋಡಾಕತ್ತಿದ್ನಿ. ಪದ ಕೇಳಲೇ ಇಲ್ಲ.”