ಹನ್ನೊಂದು ಗೆಜ್ಜೆಯ ಲೆಕ್ಕ

ಚೋನಾ ಇಪ್ಪತ್ತೆಂಟು ವರ್ಷ ಮರುಭೂಮಿಯ ನಡುವಿನ ಟೂಸಾನ್ ಪಟ್ಟಣದ ದಕ್ಷಿಣದ ಬೀದಿಗಳಲ್ಲಿ ಶಾಲೆಯ ಬಸ್ಸು ಓಡಿಸಿದವಳು. ಕೊನೆಯ ಮಗು ಇಳಿದ ಮೇಲೂ ಹಿಂದಿನ ಸೀಟಿನ ತನಕ ನಡೆದುಹೋಗಿ, ಒಂದೊಂದು ಸೀಟನ್ನೂ ಅಂಗೈಯಿಂದ ತಟ್ಟಿ ನೋಡಿದ ಮೇಲೆಯೇ ಮನೆಗೆ ಹೋಗುತ್ತಿದ್ದಳು. ಕಣ್ಣಿಂದ ನೋಡಿದರೆ ಸಾಲದೇ ಎಂದು ಜೊತೆಯ ಚಾಲಕರು ನಗುತ್ತಿದ್ದರು. "ಸಂಜೆ ಹೊತ್ತಿಗೆ ಕಣ್ಣು ಸೋತಿರತ್ತೆ ಕಣ್ರೋ. ಕೈ ಸುಳ್ಳು ಹೇಳಲ್ಲ" ಎನ್ನುವುದು ಅವಳ ಉತ್ತರ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಮಗುವೂ ಅವಳ ಬಸ್ಸಿನಲ್ಲಿ ಮಲಗಿಬಿಟ್ಟು ಉಳಿದುಹೋಗಲಿಲ್ಲ.

ಇಷ್ಟೊಂದು ಜಾಗ್ರತೆ ಸುಮ್ಮನೆ ಬಂದದ್ದಲ್ಲ. ಚೋನಾಳಿಗೆ ಹನ್ನೊಂದು ವರ್ಷವಾಗಿದ್ದಾಗ, ಈಸ್ಟರ್ ಹಬ್ಬದ ದಿನ ಮನೆಮಂದಿಯೆಲ್ಲ ಮರುಭೂಮಿಗೆ ಬುತ್ತಿ ಕಟ್ಟಿಕೊಂಡು ಹೋಗಿದ್ದರು. ಐದು ವರ್ಷದ ತಮ್ಮ ಲಾಲೋನನ್ನು ನೋಡಿಕೋ ಎಂದು ತಾಯಿ ಇವಳಿಗೆ ಒಪ್ಪಿಸಿದ್ದಳು. ಇವಳೋ, ದೊಡ್ಡಮ್ಮನ ಹತ್ತಿರ ಇದ್ದಾನೆ ಅಂದುಕೊಂಡಳು. ದೊಡ್ಡಮ್ಮ, ಮಾವನ ಹತ್ತಿರ ಅಂದುಕೊಂಡಳು. ಹತ್ತು ಜನರಿದ್ದಲ್ಲಿ ಹಾವು ಸಾಯುವುದಿಲ್ಲ ಎನ್ನುವ ಹಾಗಾಯಿತು. ಲಾಲೋ ಸಿಕ್ಕಿದ್ದು ಮಾರನೆಯ ದಿನ ಮಧ್ಯಾಹ್ನ, ನಾಲಗೆ ದಪ್ಪಗಾಗಿ, ಅಳುವುದಕ್ಕೂ ಕಣ್ಣೀರಿಲ್ಲದೆ. ಬದುಕಿದ. ಆದರೆ ಅವರ ತಾಯಿ ಸಾಯುವ ತನಕ ಮತ್ತೆ ಊರಾಚೆಯ ಮರಳಿನ ಮೇಲೆ ಕಾಲಿಡಲಿಲ್ಲ, ಮಕ್ಕಳನ್ನೂ ಬಿಡಲಿಲ್ಲ.

ಚೋನಾಳಿಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. ತಪ್ಪು ಲೆಕ್ಕದ್ದು, ಮರುಭೂಮಿ ಏನು ಮಾಡಿತು? ತನಗೆ ಮಕ್ಕಳಾದ ಮೇಲೆ ಅವಳು ಆ ಹಬ್ಬದ ಸುತ್ತಾಟವನ್ನು ಮತ್ತೆ ಶುರುಮಾಡಿದಳು. ಜೊತೆಗೆ ತನ್ನದೇ ಒಂದು ಕಾನೂನನ್ನೂ ತಂದಳು. ಟ್ರಕ್ಕಿನಿಂದ ಇಳಿದ ಕೂಡಲೇ ಪ್ರತಿಯೊಂದು ಮಗುವಿನ ಶೂ ದಾರಕ್ಕೆ ಒಂದು ಗೆಜ್ಜೆ. ಬೆನ್ನು ತಿರುಗಿಸಿ ಒಲೆಯ ಮುಂದೆ ನಿಂತಿದ್ದರೂ ಅವಳ ಕಿವಿ ಗೆಜ್ಜೆಗಳನ್ನು ಎಣಿಸುತ್ತಲೇ ಇರುತ್ತಿತ್ತು. ಯಾವ ಗೆಜ್ಜೆ ಯಾವ ಕಡೆ ಹೋಯಿತು ಎಂದು ತಿರುಗಿ ನೋಡದೆ ಹೇಳುವಳು.

ಇದರಿಂದ ಇನ್ನೊಂದು ಜಂಬವೂ ಅವಳಿಗೆ ಬಂದಿತ್ತು. ಈಸ್ಟರಿನ ಹಿಂದಿನ ನಲವತ್ತು ದಿನ ಅವರ ಅಡುಗೆಮನೆಗಳಲ್ಲಿ ಮೊಟ್ಟೆಯನ್ನು ನಡುವೆ ಒಡೆಯುವುದಿಲ್ಲ. ತುದಿಗೆ ತೂತು ಮಾಡಿ ಒಳಗಿನದನ್ನು ಸುರಿದುಕೊಂಡು, ಚಿಪ್ಪನ್ನು ತೊಳೆದು ಬಣ್ಣ ಹಚ್ಚಿ, ಕಾಗದದ ಚೂರು ತುಂಬಿಸಿ ಇಡುತ್ತಾರೆ. ಹಬ್ಬದ ದಿನ ಅದನ್ನು ಯಾರದಾದರೂ ತಲೆಯ ಮೇಲೆ ಹಿಂದಿನಿಂದ ಬಂದು ಒಡೆಯಬೇಕು. ಸದ್ದಾದರೆ ಆಟ ಕೆಟ್ಟಿತು. ಕಾಲಿಗೆ ಗೆಜ್ಜೆ ಕಟ್ಟಿಸಿಕೊಂಡ ಮಕ್ಕಳು ಚೋನಾಳ ಹಿಂದೆ ಸದ್ದಿಲ್ಲದೆ ಬರುವುದೆಲ್ಲಿಂದ ಬಂತು? ಮೂವತ್ತು ವರ್ಷದಿಂದ ಅವಳ ತಲೆ ಮುಕ್ಕಾಗಿರಲಿಲ್ಲ.

"ಈ ತಲೆ ಮೇಲೆ ಮೊಟ್ಟೆ ಒಡೆಯೋ ಗಂಡು ಇನ್ನೂ ಹುಟ್ಟಿಲ್ಲ!" ಆ ವರ್ಷವೂ ಒಲೆ ಹಚ್ಚುತ್ತಾ ಸಾರಿದಳು.

"ನಾನು ಗಂಡಲ್ಲ, ನಾನಾ" ಎಂದಳು ಮೊಮ್ಮಗಳು ನಾಯೆಲಿ. ಅವರಲ್ಲಿ ಅಜ್ಜಿಯನ್ನು ನಾನಾ ಎನ್ನುತ್ತಾರೆ. ನಾಯೆಲಿಗೆ ಆರು ವರ್ಷ, ಮುಂದಿನ ಎರಡು ಹಲ್ಲು ಬಿದ್ದಿದ್ದವು.

ಎಲ್ಲರೂ ನಕ್ಕರು. ನಗದವಳು ನಾಯೆಲಿಯ ತಾಯಿ ಡೆನಿಸ್ ಒಬ್ಬಳೇ. ಅವಳು ಉತ್ತರದ ಮಳೆಯೂರಿನಿಂದ ಬಂದ ಸೊಸೆ, ಮುಳ್ಳು ಕಂಡರೆ ಹೆದರುವವಳು. ಮೂರು ವರ್ಷ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದಳು. ಈ ಸಲ ಗಂಡ ರಾಮಿರೋ ಕೈಕಾಲು ಹಿಡಿದು ಕರೆತಂದಿದ್ದ. ಟ್ರಕ್ಕು ಇಳಿದ ಮೇಲೆ ಅವಳು ಅತ್ತೆಗೆ ಹೇಳಿದ್ದು ಒಂದೇ ಮಾತು. "ಅತ್ತೆ, ನಿಮ್ಮನ್ನ ನಂಬಿ ಬಂದಿದೀನಿ."

"ನಂಬು ತಾಯಿ. ಹನ್ನೊಂದು ಗೆಜ್ಜೆ ಕಟ್ಟಿದೀನಿ, ಹನ್ನೊಂದನ್ನೂ ಬಿಚ್ಚಿ ಕೊಡ್ತೀನಿ" ಎಂದಿದ್ದಳು ಚೋನಾ.

ಒಣಹಳ್ಳದ ದಂಡೆಯ ಮೆಸ್ಕೀಟ್ ಮರದಡಿ ಚಾಪೆ ಹಾಸಿದರು. ಹಳೇ ಟ್ರಾಕ್ಟರ್ ನೇಗಿಲಿನ ಉಕ್ಕಿನ ತಟ್ಟೆಗೆ ಕಾಲು ಬೆಸೆದು ಮಾಡಿದ ದೊಡ್ಡ ಬಾಣಲೆ, ಅದರ ತುಂಬ ಎರಡು ದಿನ ನಿಂಬೆರಸದಲ್ಲಿ ನೆನೆದ ಮಾಂಸ. ಲಾಲೋ ಮಡಚುವ ಕುರ್ಚಿಯಲ್ಲಿ ಟೋಪಿ ಮುಖಕ್ಕೆಳೆದುಕೊಂಡು ಕೂತಿದ್ದ. ಅರವತ್ತೆರಡಾದರೂ ಅವನು ಇಂಥ ಕಡೆ ನೆರಳು ಬಿಟ್ಟು ಏಳುವವನಲ್ಲ. ಚೋನಾಳ ಬೆನ್ನ ಹಿಂದೆ ಗೆಜ್ಜೆಗಳು ಓಡುತ್ತಿದ್ದವು, ಬೀಳುತ್ತಿದ್ದವು, ಜಗಳವಾಡುತ್ತಿದ್ದವು. ಹನ್ನೊಂದೂ ಇದ್ದವು. ಚೋನಾ ಮಾಂಸ ಮಗುಚುತ್ತಾ ಎರಡು ಸಲ ಎಣಿಸಿದಳು, ಎರಡು ಸಲವೂ ಸರಿಯಾಗಿತ್ತು.

ಎರಡೂವರೆಗೆ ಊಟಕ್ಕೆ ಕರೆದಳು. ಹನ್ನೊಂದು ತಟ್ಟೆಗೆ ರೊಟ್ಟಿ ಹಾಕಿಟ್ಟಿದ್ದಳು. ಹತ್ತು ಹೋದವು. ಒಂದು ತಟ್ಟೆ ಹಾಗೇ ಕೂತಿತ್ತು.

"ನಾಯೆಲಿ ಎಲ್ಲಿ?" ಎಂದಳು ಡೆನಿಸ್.

"ಇಲ್ಲೇ ಇದಾಳಲ್ಲ, ಗೆಜ್ಜೆ ಕೇಳಿಸ್ತಿದೆ" ಎಂದು ಚೋನಾ ತಿರುಗಿದಳು. ಟ್ರಕ್ಕಿನ ಪಕ್ಕದಿಂದ ಗೆಜ್ಜೆಯ ಸದ್ದು ಹತ್ತಿರ ಬಂತು. ಬಂದದ್ದು ಪಿಂಟೋ, ಮನೆಯ ನಾಯಿ. ಅದರ ಕೊರಳಪಟ್ಟಿಗೆ ಕೆಂಪು ದಾರದಲ್ಲಿ ನಾಯೆಲಿಯ ಗೆಜ್ಜೆ ಕಟ್ಟಿತ್ತು.

ಚೋನಾಳ ಕೈಯಲ್ಲಿದ್ದ ಸೌಟು ನಿಂತಲ್ಲೇ ನಿಂತಿತು.

ಒಂಬತ್ತು ವರ್ಷದ ಡಾಮಿಯಾನ್ ಅಳು ನುಂಗಿಕೊಂಡು ಬಾಯಿಬಿಟ್ಟ. "ಯಾರಿಗೂ ಹೇಳ್ಬೇಡ ಅಂದಿದ್ಲು. ಸುತ್ತು ಹಾಕ್ಕೊಂಡು ಹಿಂದಿನಿಂದ ಬಂದು ನಾನಾ ತಲೆ ಮೇಲೆ ಮೊಟ್ಟೆ ಒಡೀತೀನಿ ಅಂತ ಹಳ್ಳಕ್ಕಿಳಿದ್ಲು. ಎರಡು ಮೊಟ್ಟೆ ತಗೊಂಡು ಹೋದ್ಲು."

"ಎಷ್ಟೊತ್ತಾಯ್ತು?"

"ತುಂಬಾ ಹೊತ್ತಾಯ್ತು."

ಅವಳ ನೀರಿನ ಬಾಟಲಿ ಟ್ರಕ್ಕಿನ ಬಾಗಿಲಿಗೆ ನೇತಾಡುತ್ತಿತ್ತು. ತುಂಬಿದ್ದು ತುಂಬಿದ ಹಾಗೇ ಇತ್ತು. ಏಪ್ರಿಲ್ ತಿಂಗಳಾದರೂ ಕೈಯಿಟ್ಟರೆ ಕಲ್ಲು ಸುಡುತ್ತಿತ್ತು. ಡೆನಿಸ್ ಆ ಬಾಟಲಿಯನ್ನು ನೋಡಿದಳು, ಆಮೇಲೆ ಅತ್ತೆಯನ್ನು.

"ಹನ್ನೊಂದು ಬಿಚ್ಚಿ ಕೊಡ್ತೀನಿ ಅಂದ್ರಲ್ಲ! ಎಲ್ಲಿ ನನ್ನ ಮಗು? ನಾಯಿ ಕೊರಳು ಎಣಿಸ್ಕೊಂಡು ಕೂತಿದ್ರಾ ಇಷ್ಟೊತ್ತು?"

ಬಸ್ಸಿನ ಸೀಟುಗಳನ್ನು ಇಪ್ಪತ್ತೆಂಟು ವರ್ಷ ಕೈಯಿಂದ ತಟ್ಟಿ ನೋಡಿದವಳು ಸ್ವಂತ ಮೊಮ್ಮಗಳ ವಿಷಯಕ್ಕೆ ಕಿವಿಯನ್ನು ನಂಬಿದ್ದಳು. ಅದೂ ಸಾಲದೆಂದು ಜಂಬ ಬೇರೆ ಕೊಚ್ಚಿಕೊಂಡಿದ್ದಳು. ಆ ಜಂಬವೇ ಮಗುವನ್ನು ಹಳ್ಳಕ್ಕೆ ಇಳಿಸಿತ್ತು.

ಅಷ್ಟರಲ್ಲಿ ಗಂಡಸರು ಹೆಂಗಸರು ಎನ್ನದೆ ಎಲ್ಲರೂ ನಾಲ್ಕು ದಿಕ್ಕಿಗೂ ಓಡಿದ್ದರು. ನಾಯೆಲಿ, ನಾಯೆಲಿ ಎಂಬ ಕೂಗು ಎದುರಿನ ಬಂಡೆಗೋಡೆಗೆ ಬಡಿದು ತಿರುಗಿ ಬರುತ್ತಿತ್ತು. ಒಬ್ಬ ಅಳಿಯ ಫೋನಿಗೆ ಸಿಗ್ನಲ್ ಸಿಗುವ ಹೆದ್ದಾರಿಯ ಕಡೆಗೆ ತನ್ನ ಟ್ರಕ್ಕು ಓಡಿಸಿದ. ಅದು ಹೋಗಿ, ಪೊಲೀಸರು ಬಂದು, ಹೆಲಿಕಾಪ್ಟರು ಏಳುವುದಕ್ಕೆ ಏನಿಲ್ಲವೆಂದರೂ ಎರಡು ಗಂಟೆ.

ಆಗ ಲಾಲೋ ಕುರ್ಚಿಯಿಂದ ಎದ್ದ. ಟೋಪಿ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ.

"ಅಕ್ಕಾ, ಬಾಯಿ ಮುಚ್ಚಿಸು ಅವರ್ದು."

"ಏನಂದೆ?"

"ಬಾಯಿ ಮುಚ್ಚಿಸು ಅಂದೆ. ಅವತ್ತು ನನ್ನನ್ನೂ ಹಿಂಗೇ ಕೂಗಿದ್ರಿ. ನಂಗೆ ಎಲ್ಲಾ ಕೇಳಿಸ್ತಿತ್ತು ಅಕ್ಕಾ. ಈ ಕಡೆಯಿಂದ ಲಾಲೋ, ಆ ಕಡೆಯಿಂದ ಲಾಲೋ, ಬಂಡೆಯೊಳಗಿಂದ್ಲೂ ಲಾಲೋ. ಕೂಗಿದ ಕಡೆಗೆಲ್ಲ ಓಡಿದೆ. ಓಡಿ ಓಡಿ ದೂರ ಹೋದೆ."

ಐವತ್ತೇಳು ವರ್ಷದಲ್ಲಿ ಲಾಲೋ ಆ ದಿನದ ಬಗ್ಗೆ ತುಟಿಪಿಟಕ್ಕೆಂದಿರಲಿಲ್ಲ. ಚೋನಾಳಿಗೆ ಏನು ಮಾಡಬೇಕೆಂದು ತಿಳಿಯಿತು.

ಎರಡೂ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಬಾಣಲೆ ಹಿಡಿದಳು. ಅಷ್ಟೂ ಮಾಂಸವನ್ನು ಮರಳಿನ ಮೇಲೆ ಸುರಿದುಬಿಟ್ಟಳು. ಪ್ರತಿ ವರ್ಷ ಊಟ ಮುಗಿದು, ತೊಳೆದು, ಹೊರಡುವ ಹೊತ್ತಿಗೆ ಚೋನಾ ಬರಿದಾದ ಬಾಣಲೆಯನ್ನು ಕೊಂಬೆಗೆ ನೇತುಹಾಕಿ ಸೌಟಿನಿಂದ ಬಾರಿಸುವುದಿತ್ತು. ಮನೆಗೆ ಹೊರಡುವ ಗಂಟೆ ಅದು. ಮಕ್ಕಳಿಗೆ ಅದನ್ನು ಕಂಡರಾಗದು. ಆದರೆ ಅದು ಬಾರಿಸಿದ ಮೇಲೆ ಟ್ರಕ್ಕಿನ ಹತ್ತಿರ ಇರದ ಮಗು ಇರಲಿಲ್ಲ.

"ರಾಮಿರೋ! ಎಲ್ಲರನ್ನೂ ಇಲ್ಲಿ ಕೂರಿಸು. ಒಬ್ಬರೂ ಉಸಿರೆತ್ತಬಾರದು. ನೀನೊಬ್ಬನೇ ಮರಳಲ್ಲಿ ಹೆಜ್ಜೆ ನೋಡ್ಕೊಂಡು ಹೋಗು. ಕೂಗಬೇಡ."

"ಅಮ್ಮಾ, ಸುಮ್ನೆ ಕೂತ್ಕೊಳ್ಳೋ ಹೊತ್ತಾ ಇದು? ಗುಡ್ಡ ಹತ್ತಿ ನೋಡ್ತೀನಿ!"

"ಆತುರಗಾರನಿಗೆ ಬುದ್ಧಿ ಮಟ್ಟ. ಹೇಳಿದಷ್ಟು ಮಾಡು."

ಡೆನಿಸ್ ಕೂರಲಿಲ್ಲ. "ನನ್ನ ಮಗು ಸಾಯ್ತಿದ್ರೆ ಪಾತ್ರೆ ಬಡೀತೀರಾ?" ಎಂದು ಕಿರುಚಿದಳು. ಲಾಲೋ ಅವಳ ಮುಂದೆ ಹೋಗಿ ನಿಂತು ಮೆಲ್ಲಗೆ ಹೇಳಿದ. "ಕೂತ್ಕೋ ಮಗಳೇ. ನಾನು ಕಳೆದುಹೋದವನು. ನಂಗೆ ಒಂದೇ ಒಂದು ಸದ್ದು ಬೇಕಿತ್ತು." ಅವಳು ಕುಸಿದು ಕೂತಳು. ಬಾಟಲಿಯನ್ನು ಎದೆಗೆ ಅವುಚಿಕೊಂಡಿದ್ದಳು.

ಚೋನಾ ಬಾಣಲೆಯನ್ನು ಕೊಂಬೆಗೆ ನೇತುಹಾಕಿ ಬಾರಿಸಿದಳು. ಉಕ್ಕಿನ ಸದ್ದು ಹಳ್ಳದುದ್ದಕ್ಕೂ ಹರಿಯಿತು. ಮೂವತ್ತು ಎಣಿಸುವಷ್ಟು ಹೊತ್ತು ಬಿಟ್ಟು ಮತ್ತೆ ಬಾರಿಸಿದಳು. ಬಿಡುವಿನಲ್ಲಿ ಎಲ್ಲರೂ ಕಿವಿ ನಿಮಿರಿಸಿ ಕೂತಿರುತ್ತಿದ್ದರು. ಆ ನಿಶ್ಶಬ್ದದಲ್ಲಿ ಪಿಂಟೋ ಸುರಿದ ಮಾಂಸಕ್ಕೆ ಬಾಯಿ ಹಾಕಿತು. ಅದು ತಲೆಯಾಡಿಸಿದಾಗಲೆಲ್ಲ ನಾಯೆಲಿಯ ಗೆಜ್ಜೆ ಕಿಣಿಕಿಣಿ ಎನ್ನುತ್ತಿತ್ತು. ಕೇಳಲಾಗದೆ ಲಾಲೋ ಹೋಗಿ ಗೆಜ್ಜೆ ಬಿಚ್ಚಿ ಜೇಬಿಗೆ ಹಾಕಿಕೊಂಡ.

ಮೂರೂವರೆಗೆ ರಾಮಿರೋ ತಿರುಗಿ ಬಂದ. ಅಂಗೈ ಬಿಚ್ಚಿ ತೋರಿಸಿದ. ನೀಲಿ ಚಿಪ್ಪಿನ ಚೂರು, ಗುಲಾಬಿ ಕಾಗದದ ಚೂರು.

"ಮೂರನೇ ತಿರುವಲ್ಲಿ ಬಿದ್ದಿತ್ತು. ಅಲ್ಲಿ ಹಳ್ಳ ಎರಡು ಕವಲಾಗತ್ತೆ. ಆಮೇಲೆ ಬರೀ ಬಂಡೆ, ಹೆಜ್ಜೆ ಮೂಡಿಲ್ಲ." ಅವನೂ ಹೆಂಡತಿಯ ಪಕ್ಕದಲ್ಲಿ ಕೂತ. ಎಲ್ಲರ ಕಣ್ಣೂ ಆ ಮೂರನೇ ತಿರುವಿನ ಕಡೆಗೇ ನೆಟ್ಟಿತ್ತು.

ಚೋನಾ ಬಾರಿಸುತ್ತಲೇ ಇದ್ದಳು. ರಟ್ಟೆ ಸೋಲುತ್ತಿತ್ತು, ಬಟ್ಟೆಯೊಳಗೆ ಬೊಬ್ಬೆ ಒಡೆದಿತ್ತು. ಸೌಟನ್ನು ತಾ ಎಂದು ಲಾಲೋ ಕೈ ಚಾಚಿದರೆ ಕೊಡಲಿಲ್ಲ. ಹೊಡೆತದ ಭಾರ ಬದಲಾದರೆ ಮಗುವಿಗೆ ಇದು ಬೇರೆ ಸದ್ದೆನಿಸಬಹುದು ಎಂಬ ಹೆದರಿಕೆ ಅವಳಿಗೆ. ದೇವರೇ, ನನ್ನ ಕಿವಿ ಕಿತ್ತುಕೋ, ಕಣ್ಣು ಕಿತ್ತುಕೋ, ಅವಳೊಬ್ಬಳನ್ನು ಕೊಡು ಎಂದು ಒಳಗೇ ಹರಕೆ ಹೊತ್ತಳು. ತಾಯಿಯ ಮುಖ ನೆನಪಾಯಿತು. ಮರಳನ್ನು ಕಂಡರೆ ತಾಯಿ ಯಾಕೆ ಮುಖ ತಿರುಗಿಸುತ್ತಿದ್ದಳು ಎನ್ನುವುದು ಈ ವಯಸ್ಸಿನಲ್ಲಿ ಅವಳಿಗೆ ಅರ್ಥವಾಯಿತು.

ನಾಲ್ಕಾಯಿತು. ಬಾರಿಸಿದಳು, ಎಣಿಸಿದಳು. ನಾಲ್ಕೂ ಕಾಲಾಯಿತು. ಬಾರಿಸಿದಳು. ಹದಿನೇಳು, ಹದಿನೆಂಟು ಎಂದು ಎಣಿಸುತ್ತಿದ್ದಾಗ ನೆತ್ತಿಯ ಮೇಲೆ ಏನೋ ಪಟ್ಟೆಂದು ಒಡೆಯಿತು.

ಹಳದಿ, ಹಸಿರು, ಕೆಂಪು ಕಾಗದದ ಚೂರುಗಳು ಕಣ್ಣ ಮುಂದೆ ಉದುರಿದವು.

ಅವಳ ಹಿಂದೆ, ನೀರಿನ ಬಾಟಲಿಗಳ ಪೆಟ್ಟಿಗೆಯ ಮೇಲೆ ತುದಿಗಾಲಲ್ಲಿ ನಿಂತಿದ್ದಳು ನಾಯೆಲಿ. ಎರಡನೇ ಕವಲು ಹಿಡಿದು ಗುಡ್ಡ ಸುತ್ತಿ, ಸದ್ದಿನ ಜಾಡು ಹಿಡಿದು, ಯಾರೂ ನೋಡದ ಹಿಂದಿನ ಕಡೆಯಿಂದ ಬಂದಿದ್ದಳು. ಮೊಣಕಾಲಲ್ಲಿ ಚೋಯಾ ಕಳ್ಳಿಯ ಮುಳ್ಳುಂಡೆ ಕಚ್ಚಿಕೊಂಡಿತ್ತು, ತುಟಿ ಸೀಳಿತ್ತು, ಕೆನ್ನೆಯ ಮೇಲೆ ಕಣ್ಣೀರು ಒಣಗಿದ ಗೆರೆಗಳಿದ್ದವು. ಇಷ್ಟೆಲ್ಲದರ ನಡುವೆ ಆ ಇನ್ನೊಂದು ಮೊಟ್ಟೆಯನ್ನು ಅವಳು ಒಡೆಯದೆ ತಂದಿದ್ದಳು.

"ಮನೆಗೆ ಹೋಗೋ ಗಂಟೆ ಕೇಳಿಸ್ತು. ಬಿಟ್ಟು ಹೋಗ್ತೀರೇನೋ ಅಂತ ಓಡ್ಬಂದೆ" ಎಂದಳು, ದನಿ ಹೊರಡದೆ. ಆಮೇಲೆ ಹಲ್ಲಿಲ್ಲದ ಬಾಯಿಯಲ್ಲಿ ನಕ್ಕಳು. "ನಾನು ಬಂದಿದ್ದು ನಿಂಗೆ ಕೇಳಿಸ್ಲೇ ಇಲ್ಲ, ಅಲ್ವಾ ನಾನಾ?"

"ಇಲ್ಲ ಕಂದಾ" ಎಂದಳು ಚೋನಾ. "ನಂಗೆ ಕೇಳಿಸ್ಲೇ ಇಲ್ಲ."

ಡೆನಿಸ್ ಓಡಿ ಬಂದು ಮಗುವನ್ನು ಕಿತ್ತುಕೊಂಡಳು. ರಾಮಿರೋ ಗುಟುಕು ಗುಟುಕಾಗಿ ನೀರು ಕುಡಿಸಿದ. ಲಾಲೋ ಅಲ್ಲಿನವರೆಲ್ಲ ಕಳ್ಳಿಮುಳ್ಳು ಕೀಳಲೆಂದೇ ಜೇಬಲ್ಲಿ ಇಟ್ಟುಕೊಳ್ಳುವ ಅಗಲ ಹಲ್ಲಿನ ಬಾಚಣಿಗೆ ತೆಗೆದು, ಮುಳ್ಳುಂಡೆಯನ್ನು ಒಂದೇ ಏಟಿಗೆ ಕಿತ್ತು ತಾನೇ ಬಿಕ್ಕಿ ಬಿಕ್ಕಿ ಅತ್ತ. ಐವತ್ತೇಳು ವರ್ಷದ ಹಿಂದೆ ಬಾರದ ಕಣ್ಣೀರು ಅದು.

ಅಳಿಯನ ಜೊತೆ ಬಂದ ಪೊಲೀಸರು ಮಗುವನ್ನು ನೋಡಿಕೊಂಡು ಹೋದರು. ಹೊರಡುವಾಗ ಚೋನಾ ಗೆಜ್ಜೆಗಳನ್ನೆಲ್ಲ ಬಿಚ್ಚಿಸಿ ಡಬ್ಬಕ್ಕೆ ಹಾಕಿದಳು. ಆಮೇಲೆ ಟ್ರಕ್ಕಿನ ಹಿಂಬಾಗಿಲಲ್ಲಿ ನಿಂತು, ಬೊಬ್ಬೆಯೆದ್ದ ಅಂಗೈಯನ್ನು ಒಂದೊಂದು ತಲೆಯ ಮೇಲೂ ಇಟ್ಟು ಗಟ್ಟಿಯಾಗಿ ಎಣಿಸಿದಳು. ಹತ್ತಾಯಿತು. ಹನ್ನೊಂದನೆಯದು ತಾಯಿಯ ತೋಳಲ್ಲಿ ನಿದ್ದೆಹೋಗಿತ್ತು. ಡೆನಿಸ್ ಮಗುವನ್ನು ಎತ್ತಿಕೊಂಡು ಎದುರು ಬಂದಳು, ಮುಖದಲ್ಲಿ ಇನ್ನೂ ಸಿಟ್ಟಿತ್ತು. ಚೋನಾ ಕೈ ಚಾಚಲೋ ಬೇಡವೋ ಎಂದು ತಡೆದಳು.

"ಮುಟ್ಟಿ ಅತ್ತೆ" ಎಂದಳು ಡೆನಿಸ್. "ಮುಟ್ಟಿ ಎಣಿಸಿ."

ಚೋನಾ ಬೆವರಿನಿಂದ ಅಂಟಿದ ಆ ಕೂದಲ ಮೇಲೆ ಕೈಯಿಟ್ಟು ಹನ್ನೊಂದು ಎಂದಳು. ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.