ಜಗಲಿಯ ಮೇಲಿನ ದಾರಿ

ಗೇರೆಣ್ಣೆಯ ವಾಸನೆ ಬಂದರೆ ಮೊದಲು ಕಣ್ಣು ಉರಿಯುತ್ತದೆ, ಆಮೇಲೆ ಗಂಟಲು. ಕಳೆದ ವಾರ ನಮ್ಮ ಬೀದಿಯಲ್ಲಿ ಬಡಗಿಗಳು ಮನೆಗಳ ಮುಂದಿನ ಮರದ ಕಂಬಗಳಿಗೆ ಅದನ್ನು ಬಳಿಯುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಅದು. ಬಳಿದ ಮರವನ್ನು ಗೆದ್ದಲು ಮುಟ್ಟುವುದಿಲ್ಲ, ಬಳಿದವನ ಕೈಗೆ ಹತ್ತಿದ ಕಲೆ ಸುಲಭಕ್ಕೆ ಹೋಗುವುದೂ ಇಲ್ಲ.

ಶಿರಸಿಯ ಹಳೇ ಪೇಟೆಯ ನಮ್ಮ ಈ ಬೀದಿಯನ್ನು ಇದ್ದ ಹಾಗೆಯೇ ಉಳಿಸಬೇಕೆಂದು ಈಗ ನಿಯಮಗಳಾಗಿವೆ. ಮುಂದಿನ ಕಂಬ ತೆಗೆಯುವಂತಿಲ್ಲ, ಹೆಂಚು ತೆಗೆದು ಶೀಟು ಹಾಕುವಂತಿಲ್ಲ, ಜಗಲಿ ಒಡೆಯುವಂತಿಲ್ಲ, ಅಂಗಡಿಯ ಬೋರ್ಡು ಸೂರಿಗಿಂತ ಮೇಲೆ ಹೋಗುವಂತಿಲ್ಲ. ಇದನ್ನೆಲ್ಲ ನೋಡಿಕೊಳ್ಳಲು ಬೀದಿಯವರದೇ ಒಂದು ಸಮಿತಿ. ನಿವೃತ್ತಿಯಾದ ಟೀಚರು, ಮಾಡಲು ಬೇರೆ ಕೆಲಸವಿಲ್ಲ, ಬಾಯಿಯಂತೂ ಇದೆ ಎಂದು ನನ್ನನ್ನೂ ಅದರಲ್ಲಿ ಸೇರಿಸಿದ್ದಾರೆ.

ಎಣ್ಣೆಯ ವಾಸನೆ ಬಂದ ಹೊತ್ತಿಗೆ ನಾನು ಕೆಳಬದಿಯ ಪಕ್ಕದ ಮನೆಯವಳಿಗೆ ಇಲ್ಲ ಎನ್ನುತ್ತಿದ್ದೆ. ದಾಸನಕೊಪ್ಪದ ಕಡೆಯ ಹುಡುಗಿ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಗಂಡ ಬಸ್ಸಿನ ಕಂಡಕ್ಟರಾಗಿದ್ದ. ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಗಾಲಿಕುರ್ಚಿಯಲ್ಲಿದ್ದಾನೆ. ಜಗಲಿಯ ಒಂದು ಮೂಲೆ ಒಡೆದು ಬೀದಿಗೆ ಇಳಿಜಾರು ಮಾಡಿಕೊಳ್ಳಲು ಬಿಡಿ ಎಂದು ಕೇಳಲು ಬಂದಿದ್ದಳು. ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದೆ. ಅವಳು ವಾದ ಮಾಡಲಿಲ್ಲ.

“ಹಂಗಾದ್ರ ಇವರನ್ನ ಇಳಸೂದು ಹೆಂಗ್ರಿ ಅಕ್ಕೋರೆ? ನೀವ ಒಂದ್ ದಾರಿ ಹೇಳ್ರಿ” ಎಂದಳು.

ನಾನು ಬಾಯಿ ತೆರೆದೆ, ಆಗಲೇ ಕೆಮ್ಮು ಬಂತು. ಗೇರೆಣ್ಣೆ... ಕೆಮ್ಮು ನಿಲ್ಲುವಷ್ಟರಲ್ಲಿ ನನಗೆ ಮಾಸ್ತರ್ರು ನೆನಪಾಗಿದ್ದರು. ನಾನು ಆಡಿದ ಮಾತು ನನ್ನದಾಗಿರಲಿಲ್ಲ, ಅವರದು. ನಮ್ಮ ಅಪ್ಪಯ್ಯನಿಗೆ ಅವರು ಹೇಳಿದ್ದ ಅದೇ ಮಾತು.

ಮಾಸ್ತರ್ರು ನಮ್ಮ ಸಾಲಿನಲ್ಲೇ ಮೂರು ಮನೆ ಕೆಳಗಿದ್ದರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ, ಚಿಕ್ಕಂದಿನಲ್ಲಿ ಅವರನ್ನು ಸಾಕಿದ ವಿಧವೆ ಅಕ್ಕನೊಂದಿಗೆ ಇದ್ದರು. ಬೀದಿ ಉಳಿಸುವ ಮಾತನ್ನು ಈಗ ಎಲ್ಲರೂ ಆಡುತ್ತಾರೆ. ಅದನ್ನು ಮೊದಲು ಆಡಿ ನಗೆಪಾಟಲಾದವರು ಅವರು. ಒಂದೊಂದೇ ಮನೆ ಬಿದ್ದು ಅದರ ಜಾಗದಲ್ಲಿ ಶಟರಿನ ಅಂಗಡಿಗಳು ಏಳತೊಡಗಿದ್ದ ಕಾಲವದು. ರಜೆ ಸಿಕ್ಕಾಗಲೆಲ್ಲ ಮಾಸ್ತರ್ರು ಬೀದಿಯ ನಡುವೆ ಸ್ಟೂಲು ಹಾಕಿಕೊಂಡು ಮನೆಗಳ ಮುಂಭಾಗ ಬರೆಯುತ್ತ ಕೂರುತ್ತಿದ್ದರು. ಸೈಕಲ್ಲಿನವರು ಬೈದುಕೊಂಡು ಸುತ್ತು ಹಾಕಿ ಹೋಗುತ್ತಿದ್ದರು. ಬರೆದ ಚಿತ್ರವನ್ನು ಆಯಾ ಮನೆಯವರಿಗೇ ಕೊಟ್ಟು, ನಿಮ್ಮ ಮನೆ ಎಷ್ಟು ಚಂದ ಇದೆ ನೋಡಿ ಎನ್ನುತ್ತಿದ್ದರು. ತಮ್ಮ ಮನೆ ಚಂದ ಇದೆ ಎಂದು ಯಾರಾದರೂ ಹೇಳಿದರೆ ಒಡೆಯಲು ಮನಸ್ಸು ಬರುವುದಿಲ್ಲ. ಹಾಗೆ ಅವರು ಉಳಿಸಿದ ಬೀದಿ ಇದು.

ಆಮೇಲೆ ದೇವಸ್ಥಾನದ ಪೌಳಿಯಲ್ಲಿ ಎಲ್ಲರನ್ನೂ ಕೂರಿಸಿ ಮನೆಯ ಮುಂಭಾಗ ಒಡೆಯುವುದಿಲ್ಲವೆಂದು ಒಪ್ಪಂದ ಮಾಡಿಸಿದರು. ಅದರಲ್ಲಿ ಅವರಿಗೆ ಜೀವವಿದ್ದದ್ದು ಜಗಲಿಯ ಮೇಲೆ. ನಮ್ಮ ಸಾಲಿನ ಜಗಲಿಗಳು ಒಂದಕ್ಕೊಂದು ಕೂಡಿಕೊಂಡಿವೆ. ಕೆಳತುದಿಯಲ್ಲಿ ಬೀದಿಗೆ ಇಳಿಯಲು ನಾಲ್ಕು ಮೆಟ್ಟಿಲು ಬೇಕು, ಆದರೆ ಬೀದಿ ಏರುತ್ತ ಹೋಗುವುದರಿಂದ ಮೇಲಿನ ಮೂಲೆಯಲ್ಲಿ ಜಗಲಿಯೂ ರಸ್ತೆಯೂ ಸಮವಾಗುತ್ತವೆ. ಯಾರ ಮನೆಯ ಮುಂದೆಯೂ ಅಡ್ಡ ಕಟ್ಟುವ ಪದ್ಧತಿ ಇರಲಿಲ್ಲ. ಮಾತು ಬಿಟ್ಟ ಮನೆಯವರೂ ಒಬ್ಬರ ಜಗಲಿಯ ಮೇಲೆ ಇನ್ನೊಬ್ಬರು ಮುಖ ತಿರುಗಿಸಿಕೊಂಡು ನಡೆದು ಹೋಗುತ್ತಿದ್ದರು. ನಾನು ಶಾಲೆಗೆ ಹೋಗುತ್ತಿದ್ದದ್ದೂ ಹಾಗೆಯೇ, ಮೂಲೆಯವರೆಗೆ ಜಗಲಿಯ ಮೇಲೇ.

ನಾನು ದಿನಾ ಬಸ್ಸಿನಲ್ಲಿ ಸಿದ್ದಾಪುರದ ಶಾಲೆಗೆ ಹೋಗಿ ಕಲಿಸಿ ಬರುತ್ತಿದ್ದಾಗ ಆಯಿ, ನನ್ನ ಅಮ್ಮ, ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮತ್ತೆ ಏಳಲಿಲ್ಲ. ಗಾಲಿಕುರ್ಚಿ ತಂದೆವು. ಅವಳ ಆಸೆ ದೊಡ್ಡದೇನಲ್ಲ; ಸಂಜೆ ಮೂಲೆಯವರೆಗೆ ಹೋಗಿ, ಹೂವಿನವಳ ಹತ್ತಿರ ನಾಲ್ಕು ಮಾತಾಡಿ, ಒಂದು ಮೊಳ ಕಾಕಡ ತಾನೇ ಆರಿಸಿ ಬರಬೇಕು. ಅಪ್ಪಯ್ಯ ಮಾಸ್ತರ್ರ ಬಳಿ ಹೋಗಿ ಜಗಲಿಯ ಒಂದು ಮೂಲೆ ಇಳಿಜಾರು ಮಾಡಿಕೊಳ್ಳುತ್ತೇನೆ ಎಂದ. ಅದಕ್ಕೂ ಸ್ವಲ್ಪ ಮೊದಲು ಸ್ಕೂಟರು ಹತ್ತಿಸಲು ಜಗಲಿ ಒಡೆಯುತ್ತೇನೆಂದ ಜವಳಿ ಅಂಗಡಿಯವನನ್ನು ಮಾಸ್ತರ್ರು ಹಟ ಹಿಡಿದು ತಡೆದಿದ್ದರು. ಈಗ ನಮಗೆ ಹೂಂ ಎಂದರೆ ಅವನ ಎದುರು ತಲೆ ಎತ್ತುವ ಹಾಗಿರಲಿಲ್ಲ. ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದುಬಿಟ್ಟರು.

ನಾನು ಕುದಿದುಹೋದೆ. ಕಲ್ಲಿಗೆ ಕೊಟ್ಟ ಬೆಲೆ ಮನುಷ್ಯರಿಗಿಲ್ಲ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ. ಆಯಿಯೇ ನನ್ನನ್ನು ಸುಮ್ಮನಿರಿಸಿದಳು.

“ಬಿಡು ಅತ್ಲಾಗಿ. ಆನು ಇಲ್ಲೇ ಕೂತ್ಕಂಡು ನೋಡ್ತೆ. ಬೀದಿ ಎಲ್ಲಿಗೂ ಓಡಿ ಹೋಗ್ತಿಲ್ಲೆ.”

ಹಾಗೆಯೇ ಕೂತಳು. ಬೆಳಿಗ್ಗೆ ಕುರ್ಚಿಯನ್ನು ಜಗಲಿಗೆ ತರುತ್ತಿದ್ದೆವು, ಸಂಜೆ ಒಳಗೆ ದೂಡುತ್ತಿದ್ದೆವು. ಹೂವಿನವಳಿಗೆ ಬಿಡುವಾದಾಗ ಅವಳೇ ಬರುತ್ತಿದ್ದಳು, ಬಿಡುವಾಗುತ್ತಿದ್ದದ್ದು ಅಪರೂಪ... ಮೂಲೆ ಕಾಣದೆಯೇ ಆಯಿ ಹೋದಳು. ನಾನು ಮಾಸ್ತರ್ರೊಂದಿಗೆ ಮಾತು ಬಿಟ್ಟೆ. ಅವರು ಎದುರು ಬಂದರೆ ನಾನು ಸೆರಗು ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡುತ್ತಿದ್ದೆ.

ಮರುವರ್ಷ ಮಾಸ್ತರ್ರ ಅಕ್ಕನಿಗೆ ಲಕ್ವ ಹೊಡೆಯಿತು. ಅವರ ಮನೆಗೂ ಗಾಲಿಕುರ್ಚಿ ಬಂತು. ಈಗೇನು ಮಾಡುತ್ತಾರೆ ನೋಡೋಣ ಎಂದು ಇಡೀ ಬೀದಿ ಕಾಯಿತು, ಎಲ್ಲರಿಗಿಂತ ಹೆಚ್ಚು ನಾನು. ಅವರು ತಮ್ಮ ಜಗಲಿ ಒಡೆಯಲಿ ಎಂದು ನಾನು ಹಾರೈಸುತ್ತಿದ್ದೆ. ಒಡೆದ ದಿನ ಹೋಗಿ ನಿಂತು ನೋಡಬೇಕೆಂದಿದ್ದೆ.

ಅವರು ಒಡೆಯಲಿಲ್ಲ. ಒಂದು ಬೆಳಿಗ್ಗೆ ಎರಡು ಹಲಗೆ ಹೊತ್ತುಕೊಂಡು ನಮ್ಮ ಮನೆಯ ಮುಂದೆ ಬಂದು ನಿಂತರು. ಹೊಸದಾಗಿ ಗೇರೆಣ್ಣೆ ಬಳಿದ ಹಲಗೆಗಳು, ಅಂಗೈ ತುಂಬ ಕಪ್ಪು. ಬೀದಿಯಲ್ಲೇ ನಿಂತಿದ್ದರು, ಮೆಟ್ಟಿಲು ಹತ್ತಲಿಲ್ಲ. ನಾನು ಬಾಗಿಲ ಹಿಂದಿದ್ದೆ. ಜಗಲಿಯ ಮೇಲೆ ಕೂತಿದ್ದ ಅಪ್ಪಯ್ಯನಿಗೆ ಅವರು ವಿಷಯ ಹೇಳಿದರು. ಜಗಲಿ ಜಗಲಿ ಕೂಡುವಲ್ಲಿ ಎರಡು ಕಡೆ ಮಾತ್ರ ಗೇಣು ಎತ್ತರದ ಏರುಪೇರಿದೆ. ಅಲ್ಲಿ ಈ ಹಲಗೆ ಇಟ್ಟರೆ ಕುರ್ಚಿ ಜಗಲಿಯ ಮೇಲೇ ಮೂಲೆಯವರೆಗೆ ಉರುಳುತ್ತದೆ, ಏನನ್ನೂ ಒಡೆಯಬೇಕಾಗಿಲ್ಲ. ನಿಮ್ಮ ಮುಂದೆ ಹಾದು ಹೋಗಬೇಕು, ಕೇಳಲು ಬಂದೆ ಎಂದರು.

“ಇದು ನಂಗೆ ಆಗ್ಲೇ ಹೊಳೀಬೇಕಿತ್ತು. ನಮ್ಮನೆಗೂ ಕುರ್ಚಿ ಬಂದ್ಮೇಲೆ ಹೊಳೀತು” ಎಂದರು. ಅವರು ತಲೆ ಎತ್ತಿರಲಿಲ್ಲ.

ಅಪ್ಪಯ್ಯ ಬಹಳ ಹೊತ್ತು ಆಯಿಯ ಕುರ್ಚಿ ಇರುತ್ತಿದ್ದ ಜಾಗವನ್ನು ನೋಡಿದ.

“ಜಗಲಿ ಮೇಲೆ ಹೋಪಲೆ ಎಂತಕೆ ಕೇಳವು? ಹೋಗಿ ಮಾಸ್ತರ್ರೆ” ಎಂದ.

ಅವತ್ತಿನಿಂದ ದಿನಾ ಸಂಜೆ ಅಕ್ಕ ತಮ್ಮ ನಮ್ಮ ಮುಂದೆ ಹಾದು ಹೋಗುತ್ತಿದ್ದರು. ಹಲಗೆಯ ಮೇಲೆ ಗಾಲಿ ಹತ್ತುವ ದಡಬಡ ದೂರದಿಂದಲೇ ಕೇಳುತ್ತಿತ್ತು. ನಮ್ಮ ಬಾಗಿಲ ಮುಂದೆ ಬಂದಾಗ ಮಾತ್ರ ಸದ್ದು ನಿಲ್ಲುತ್ತಿತ್ತು. ಏನೆಂದು ಒಮ್ಮೆ ಕಿಟಕಿಯಿಂದ ನೋಡಿದೆ. ಮಾಸ್ತರ್ರು ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಮುಂದಿನ ಕಿರುಚುವ ಗಾಲಿಗಳನ್ನು ನೆಲಕ್ಕೆ ತಾಗಿಸದೆ, ಕಳ್ಳನ ಹಾಗೆ ನಮ್ಮ ಮನೆ ದಾಟುತ್ತಿದ್ದರು. ನನಗೆ ಸಮಾಧಾನವಾಯಿತು. ನಾಚಿಕೆಪಡಲಿ, ಪಡಬೇಕಾದದ್ದೇ ಎಂದುಕೊಂಡೆ.

ಅಕ್ಕ ಹೋದ ಮೇಲೆ ಮಾಸ್ತರ್ರೂ ಬಹಳ ಕಾಲ ಇರಲಿಲ್ಲ. ಹಲಗೆಗಳಲ್ಲಿ ಒಂದು ಎಲ್ಲಿ ಹೋಯಿತೋ... ನಮ್ಮ ಜಗಲಿಯ ಅಂಚಿಗೆ ಇಡುತ್ತಿದ್ದ ಇನ್ನೊಂದು ನಮ್ಮ ಮನೆಯಲ್ಲೇ ಉಳಿಯಿತು. ಆ ಬಳಿಕ ಬೀದಿಯಲ್ಲಿ ಕಳ್ಳತನವಾಯಿತೆಂದು ಒಬ್ಬೊಬ್ಬರೇ ಜಗಲಿಗೆ ಅಡ್ಡ ಗ್ರಿಲ್ ಹಾಕಿಸಿದರು. ಮೊದಲು ಹಾಕಿಸಿದವರಲ್ಲಿ ನಾನೂ ಒಬ್ಬಳು. ನಮ್ಮ ಈಗಿನ ನಿಯಮಗಳಲ್ಲಿ ಕಂಬ, ಹೆಂಚು, ಬಣ್ಣ ಎಲ್ಲ ಇವೆ. ಗ್ರಿಲ್ಲಿನ ಮಾತಿಲ್ಲ. ನಿಯಮ ಬರೆಯುವಾಗ ಅದರ ಸುದ್ದಿ ಬಂದಾಗ, ಬೇಕಾದಾಗ ತೆಗೆಯುವ ವಸ್ತು ಅದು, ಬಿಡಿ ಎಂದವಳು ನಾನೇ.

ಕಳೆದ ವಾರ ಕೆಮ್ಮುತ್ತ ನಿಂತಾಗ ನನಗೆ ಇನ್ನೂ ಒಂದು ಗೊತ್ತಾಯಿತು. ಇಷ್ಟು ವರ್ಷ ಅದನ್ನು ನಾನು ಹತ್ತಿರಕ್ಕೇ ಬಿಟ್ಟುಕೊಂಡಿರಲಿಲ್ಲ. ಆ ಜಗಲಿಯ ಮೇಲೆ ಮೂಲೆಯವರೆಗೆ ನಡೆದು ಬೆಳೆದವಳು ನಾನು. ಆಯಿಯ ಕುರ್ಚಿಯನ್ನು ದಿನಾ ಅದೇ ಜಗಲಿಗೆ ತಂದು ನಿಲ್ಲಿಸಿದವಳೂ ನಾನೇ. ಅಲ್ಲಿಂದ ಮುಂದಕ್ಕೆ ದೂಡಬಹುದೆಂದು ನನಗೂ ಹೊಳೆದಿರಲಿಲ್ಲ. ಸಿಟ್ಟು ಮಾಡುವುದರಲ್ಲಿ ಮುಳುಗಿದ್ದೆ, ತಲೆ ಓಡಿಸಲಿಲ್ಲ. ಮಾಸ್ತರ್ರಿಗೆ ಇದು ಗೊತ್ತಿರಲೇಬೇಕು. ನಿನಗೂ ಹೊಳೆಯಲಿಲ್ಲವಲ್ಲ ಎಂದು ಅವರು ಒಮ್ಮೆಯೂ ಅನ್ನಲಿಲ್ಲ. ಇಬ್ಬರ ಪಾಲಿನ ನಾಚಿಕೆಯನ್ನೂ ಅವರೊಬ್ಬರೇ ಹೊತ್ತುಕೊಂಡು ನಮ್ಮ ಬಾಗಿಲು ದಾಟಿದರು, ನಾನು ಕಿಟಕಿಯಿಂದ ನೋಡಿ ಖುಷಿಪಟ್ಟೆ.

ಮರುದಿನ ವೆಲ್ಡಿಂಗಿನವನನ್ನು ಕರೆಸಿ ನನ್ನ ಗ್ರಿಲ್ ತೆಗೆಸಿದೆ. ಮೇಲಿನ ಮನೆಯವರ ಬಳಿ ಹೋಗಿ ಅವರದನ್ನೂ ತೆಗೆಸಲು ಸಾಕಷ್ಟು ಮಾತು ಖರ್ಚಾಯಿತು. ಅವಳ ಮನೆಯಿಂದ ಮೂಲೆಯವರೆಗೆ ಏರುಪೇರು ಒಂದೇ ಕಡೆ, ಒಂದು ಹಲಗೆ ಸಾಕು. ಅದು ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಕೆಳಗಿತ್ತು. ಎಳೆದು ತೊಳೆದೆ. ಗೆದ್ದಲು ಮುಟ್ಟಿರಲಿಲ್ಲ.

ನಿನ್ನೆ ಸಂಜೆ ಪಕ್ಕದ ಮನೆಯವಳು ಗಂಡನನ್ನು ಕೂರಿಸಿಕೊಂಡು ಹೊರಟಳು. ನಮ್ಮ ಬಾಗಿಲ ಮುಂದೆ ನಿಂತು, ನಿಮ್ಮಿಂದ ಆಯ್ತ್ರಿ ಅಕ್ಕೋರೆ ಎಂದು ಕೈ ಮುಗಿದಳು. ನಾನು ಮುಖ ಎತ್ತಲಾರದೆ, ಮುಂದೆ ಹೋಗಮ್ಮ, ಕತ್ತಲಾಗುತ್ತದೆ ಎಂದೆ. ಗಾಲಿ ದಡಬಡ ಮಾಡುತ್ತ ಮೂಲೆಯ ಕಡೆಗೆ ಹೋಯಿತು.

ಮಾಸ್ತರ್ರ ಮನೆಯಲ್ಲಿ ಈಗ ಸೀರೆ ಅಂಗಡಿ ಇದೆ. ನಿಯಮದ ಪ್ರಕಾರ ಕಂಬ, ಹೆಂಚು, ಜಗಲಿ ಎಲ್ಲ ಇದ್ದ ಹಾಗೆಯೇ ಇವೆ. ಕತ್ತಲಾದ ಮೇಲೆ ಅಲ್ಲಿಯವರೆಗೆ ಹೋದೆ. ಅಂಗಡಿಯ ಹುಡುಗಿ, ಏನು ಬೇಕಿತ್ತು ಎಂದು ಕೇಳಿದಳು. ನನಗೂ ಹೊಳೆದಿರಲಿಲ್ಲ ಮಾಸ್ತರ್ರೆ ಎಂದು ಒಂದು ಮಾತು ಹೇಳಬೇಕಿತ್ತು. ಏನಿಲ್ಲ ಎಂದು ತಿರುಗಿ ಬಂದೆ.