ವಾಸಿಯಾದ ತುಕ್ಕು

ಗುಂಡಿ ಸಾಹೇಬರಿಗೆ ಆ ಹೆಸರಿಟ್ಟವನು ನಾನೇ. ಎದುರಿಗೆ ಮಾತ್ರ ಬರೀ ‘ಸಾಹೇಬ್ರೇ’ ಎನ್ನುತ್ತೇನೆ. ವಾಹನ ತಪಾಸಣೆಯ ಕಚೇರಿಯಲ್ಲಿ ನೆಲ ಅಗೆದು ಕಟ್ಟಿದ ಉದ್ದನೆಯ ಗುಂಡಿಯೊಂದಿರುತ್ತದೆ. ಗಾಡಿ ಅದರ ಮೇಲೆ ಬಂದು ನಿಲ್ಲುತ್ತದೆ, ತಪಾಸಣೆಯವರು ಕೆಳಗಿಳಿದು ಅದರ ಹೊಟ್ಟೆ ನೋಡುತ್ತಾರೆ. ಆ ಗುಂಡಿಯಲ್ಲಿ ಮೂವತ್ತೊಂದು ವರ್ಷ ನಿಂತವರು ಅವರು. ಊರಿನ ಗಾಡಿಗಳನ್ನೆಲ್ಲ ಕೆಳಗಿನಿಂದಲೇ ಬಲ್ಲರು. ಬಣ್ಣ ಯಾವುದೆಂದು ಕೇಳಿದರೆ ತಡವರಿಸುತ್ತಾರೆ. “ನನ್ನ ಮುಖಕ್ಕಿಂತ ಸೈಲೆನ್ಸರ್ ನೋಡಿದ್ದೇ ಜಾಸ್ತಿ” ಎಂದು ಅವರ ಹೆಂಡತಿ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದುಂಟು.

ನಿವೃತ್ತರಾದ ಮೇಲೆ ಶನಿವಾರ ಬೆಳಿಗ್ಗೆ ನನ್ನ ಹಳೆ ಗಾಡಿಗಳ ಅಂಗಡಿಗೆ ಬಂದು ಕೂರುವ ಅಭ್ಯಾಸ ಮಾಡಿಕೊಂಡರು. ಗಿರಾಕಿಗಳು ತಪಾಸಣೆಯ ಹಾಳೆಗಳ ಕಟ್ಟು ಹಿಡಿದು ಅವರ ಹತ್ತಿರ ಹೋಗತೊಡಗಿದರು. ವರ್ಷಕ್ಕೊಂದು ಹಾಳೆ. ಸಾಹೇಬರು ಹಳೆಯದರಿಂದ ಶುರುಮಾಡಿ ಒಂದೊಂದನ್ನೇ ಓದುತ್ತಾರೆ, ಡಾಕ್ಟರು ರೋಗಿಯ ಹಳೆಯ ಚೀಟಿಗಳನ್ನು ಓದಿದಂತೆ. “ಆ ವರ್ಷ ಎಂಬತ್ತು ಸಾವಿರ ಕಿಲೋಮೀಟರು, ಮಾರನೇ ವರ್ಷ ಅರವತ್ತು. ರಿವರ್ಸಲ್ಲೇ ಓಡಿಸಿದ್ರೇನೋ, ಯಜಮಾನ್ರೇ?” ಎಂದು ನನ್ನ ಕಡೆ ನೋಡುತ್ತಾರೆ. ಸರಿಯಾಗಿ ಆ ಹೊತ್ತಿಗೆ ನನಗೆ ಯಾವುದೋ ಟೈರಿಗೆ ಗಾಳಿ ಹೊಡೆಯುವ ಕೆಲಸ ಬಂದಿರುತ್ತದೆ. ಮೊದಮೊದಲು ಕುರ್ಚಿ ಎತ್ತಿಟ್ಟು ನೋಡಿದೆ, ನಿಂತುಕೊಂಡೇ ಓದಿದರು. ಆಮೇಲೆ ಕೂತು ಯೋಚಿಸಿದೆ. ನನ್ನ ಮಾತಿನ ಮೇಲೆ ಯಾರಿಗೂ ನಂಬಿಕೆಯಿಲ್ಲ, ಅವರ ಕನ್ನಡಕದ ಮೇಲೆ ಎಲ್ಲರಿಗೂ ಇದೆ. ಅವರು ‘ಆಗಬಹುದು’ ಎಂದ ಗಾಡಿ ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ. ಕುರ್ಚಿಗೆ ದಿಂಬು ಹಾಕಿಸಿದೆ.

ಹೋದ ವರ್ಷ, ಶಾಲೆ ತೆರೆಯುವ ಮುಂಚಿನ ಶನಿವಾರ, ಮಕ್ಕಳನ್ನು ಶಾಲೆಗೆ ಬಿಡುವ ಡ್ರೈವರಮ್ಮ ಬಂದರು. ಅವರ ಹಳೆ ವ್ಯಾನಿನ ಇಂಜಿನ್ ಕೈಕೊಟ್ಟಿತ್ತು. ಸೋಮವಾರ ಏಳೂವರೆಗೆ ಏಳು ಮಕ್ಕಳು ಏಳು ಗೇಟಿನಲ್ಲಿ ಚೀಲ ಹೊತ್ತು ನಿಂತಿರುತ್ತಾರೆ. ಗಾಡಿ ಬರಲಿಲ್ಲವೆಂದರೆ ಮಂಗಳವಾರದಿಂದ ಆ ಮಕ್ಕಳು ಬೇರೆ ಡ್ರೈವರಿನ ಪಾಲು. ಅವಸರದಲ್ಲಿದ್ದ ಡ್ರೈವರಮ್ಮನ ಕಣ್ಣು ಬೂದು ಬಣ್ಣದ ಎಂಟು ಸೀಟಿನ ಗಾಡಿಯ ಮೇಲೆ ಬಿತ್ತು. ಬೀಳಲಿ ಎಂದೇ ಅದನ್ನು ಮುಂದೆ ನಿಲ್ಲಿಸಿದ್ದೆ. ಅದರ ಹೊಟ್ಟೆಗೆ ಯಾರೋ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದರು. ನಾನು ನೋಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಯಾಕೆಂದು ಕೇಳಿರಲಿಲ್ಲ, ಅಷ್ಟೆ.

ಸಾಹೇಬರು ಕಟ್ಟು ಬಿಚ್ಚಿದರು. ಐದು ವರ್ಷ ಚೊಕ್ಕ. ಆರನೆಯ ಹಾಳೆಯಲ್ಲಿ ಬೆರಳು ನಿಂತಿತು.

“ಹಿಂದಿನ ಸೀಟಿನ ಕೆಳಗೆ, ಚಾಸಿಗೆ ತುಕ್ಕು ಶುರುವಾಗಿದೆ ಅಂತ ಬರೆದಿದಾರೆ. ಏಳನೇ ವರ್ಷ, ತುಕ್ಕು ಜಾಸ್ತಿಯಾಗಿದೆ ಅಂತ. ಎಂಟನೇ ವರ್ಷ...” ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಏನೂ ಇಲ್ಲ! ನೋಡಮ್ಮ, ತುಕ್ಕು ತಾನಾಗೇ ವಾಸಿಯಾಗೋ ಕಾಯಿಲೆ ಅಲ್ಲ. ರಿಪೇರಿ ಮಾಡ್ಸಿದ ಚೀಟಿನೂ ಇಲ್ಲ. ಹಾಗಾದ್ರೆ ಇದನ್ನ ವಾಸಿ ಮಾಡಿದ ಪುಣ್ಯಾತ್ಮ ಯಾರು? ಸ್ವಲ್ಪ ಅವನ ರುಜು ನೋಡೋಣ.”

ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

ಚೇಳಿನ ಕೊಂಡಿಯಂತೆ ಬಾಲ ಎತ್ತಿದ ಆ ರುಜು ನನಗೆ ಚೆನ್ನಾಗಿ ಗೊತ್ತು. ಡ್ರೈವರಮ್ಮನಿಗೆ ಅದೊಂದು ಗೀಚು. ನಾನು ಬಾಯಿ ಬಿಡಲಿಲ್ಲ. ಸಾಹೇಬರೂ ಬಿಡದಿದ್ದರೆ ಗಾಡಿ ಮಾರಿಹೋಗುತ್ತಿತ್ತು.

“ಸಾಹೇಬ್ರೇ, ಆಮೇಲಿನ ನಾಲ್ಕು ವರ್ಷ ಎಲ್ಲಾ ಪಾಸಾಗಿದೆಯಲ್ಲ” ಎಂದರು ಡ್ರೈವರಮ್ಮ. “ನೀವು ಹೂಂ ಅಂದ್ರೆ ಈಗಲೇ ತಗೊಂಡು ಹೊರಡ್ತೀನಿ. ನನಗೆ ಸೋಮವಾರದ್ದೇ ಚಿಂತೆ.”

“ಆ ನಾಲ್ಕು ಹಾಳೆ ಲೆಕ್ಕಕ್ಕಿಲ್ಲ ತಾಯಿ. ನಮ್ಮ ಕಚೇರೀಲಿ ಹೋದ ವರ್ಷದ ಹಾಳೆ ಪಕ್ಕದಲ್ಲಿಟ್ಕೊಂಡೇ ಹೊಸದು ತುಂಬೋದು. ಒಬ್ಬ ಬಿಟ್ಟಿದ್ದನ್ನ ಮುಂದಿನವನೂ ಬಿಡ್ತಾನೆ.” ಸಾಹೇಬರ ದನಿ ಇಳಿಯಿತು. “ಆ ಒಬ್ಬ ನಾನೇ. ಇದು ನನ್ನ ರುಜು.”

ಡ್ರೈವರಮ್ಮ ನನ್ನನ್ನು ನೋಡಿದರು. ಅಕ್ಕಪಕ್ಕದಲ್ಲಿ ಗಾಳಿ ಹೊಡೆಯಲು ಒಂದು ಟೈರೂ ಇರಲಿಲ್ಲ.

“ಆ ವರ್ಷ ನನ್ನ ಸೊಂಟ ಹಿಡ್ಕೊಂಡಿತ್ತು. ಎರಡು ತಿಂಗಳು ಗುಂಡಿ ಮೆಟ್ಟಿಲು ಇಳಿಯೋಕೆ ಆಗಲಿಲ್ಲ. ಗೊತ್ತಾದ್ರೆ ಟಪಾಲು ವಿಭಾಗಕ್ಕೆ ಹಾಕ್ತಾರೆ ಅಂತ ಮೇಲಿನವರಿಗೆ ಹೇಳಲಿಲ್ಲ. ದಡದಲ್ಲೇ ನಿಂತು ಟಾರ್ಚ್ ಬಿಟ್ಟು ನೋಡ್ತಿದ್ದೆ. ಅಲ್ಲಿಂದ ಕಂಡಿದ್ದಷ್ಟೇ ಬರೀತಿದ್ದೆ. ಹಿಂದಿನ ಹಾಳೇಲಿ ತುಕ್ಕು ಅಂತಿತ್ತು, ನನಗೆ ಕಂಡಿರಲಿಲ್ಲ, ಬಿಟ್ಟೆ.”

“ಹೆಂಡತಿಗಾದ್ರೂ ಹೇಳಿದ್ರಾ?” ಎಂದು ನಾನು ಕೇಳಿದೆ. ನಗಿಸೋಣವೆಂದು.

“ಅವಳೇ ದಿನಾ ಬೂಟಿನ ಲೇಸು ಕಟ್ತಿದ್ದಳು.”

ಯಾರೂ ನಗಲಿಲ್ಲ.

ಗಾಡಿ ತೊಳೆಯುವ ರ‍್ಯಾಂಪಿನ ಮೇಲೆ ಬೂದು ಗಾಡಿ ಹತ್ತಿಸಲೇಬೇಕಾಯಿತು. ಸಾಹೇಬರು ಬಗ್ಗಲು ಹೊರಟು ಅರ್ಧಕ್ಕೇ ಸೊಂಟ ಹಿಡಿದು ನಿಂತರು. ಡ್ರೈವರಮ್ಮ ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು ತಾವೇ ಕೆಳಗೆ ನುಸುಳಿದರು. ಚಹಾದಲ್ಲಿ ಅದ್ದಿದ ಬಿಸ್ಕತ್ತಿಗೆ ಚುಚ್ಚಿದಂತೆ ಅದು ಕಪ್ಪು ಬಣ್ಣದೊಳಗೆ ಹಿಡಿಯವರೆಗೂ ಇಳಿಯಿತು. ಪುಡಿ ಅವರ ಕೂದಲ ಮೇಲೆ ಉದುರಿತು.

ಹೊರಗೆ ಬಂದವರು ಸ್ವಲ್ಪ ಹೊತ್ತು ಹಿಂದಿನ ಸೀಟಿನ ಬೆಲ್ಟನ್ನೇ ನೋಡುತ್ತಿದ್ದರು.

“ನಾಲ್ಕು ವರ್ಷ ಇದರ ಮೇಲೆ ಯಾರ‍್ಯಾರು ಕೂತಿದ್ರೋ, ಸಾಹೇಬ್ರೇ.”

“ಹೌದಮ್ಮ.”

“ನನ್ನ ಮಕ್ಕಳೂ ಕೂರ‍್ತಿದ್ರು.” ತಮ್ಮ ಏಳು ಗೇಟಿನ ಮಕ್ಕಳನ್ನೇ ಅವರು ಹಾಗೆ ಹೇಳಿದ್ದು.

“ಹೌದು.” ಸಾಹೇಬರು ಕುರ್ಚಿಯ ಮೇಲಿನ ಕೋಟು ತೆಗೆದುಕೊಂಡು ಗೇಟಿನ ಕಡೆ ಹೊರಟರು. ಅಂಗಡಿಗೆ ಇನ್ನು ಬರುವವರಲ್ಲ ಎಂದು ನಡಿಗೆಯಲ್ಲೇ ಗೊತ್ತಾಗುತ್ತಿತ್ತು.

“ಎಲ್ಲಿಗೆ ಹೊರಟ್ರಿ?” ಡ್ರೈವರಮ್ಮನ ದನಿ ಬಸ್ ನಿಲ್ಲಿಸುವಂತಿತ್ತು. “ಸೋಮವಾರಕ್ಕೆ ನನಗೆ ಗಾಡಿ ಬೇಡ್ವಾ? ಅಣ್ಣಾ, ಮೂಲೇಲಿರೋ ಆ ನೀಲಿ ಗಾಡಿನ ಹತ್ತಿಸಿ. ನಾನು ಕೆಳಗೆ ಹೋಗ್ತೀನಿ. ಎಲ್ಲೆಲ್ಲಿ ಚುಚ್ಚಬೇಕು ಅಂತ ನೀವು ಹೇಳಿ, ಸಾಹೇಬ್ರೇ. ಕಾಗದ ಆಮೇಲೆ ನೋಡೋಣ.”

ಸಾಹೇಬರು ಬಕೆಟ್ ಬೋರಲು ಹಾಕಿಕೊಂಡು ರ‍್ಯಾಂಪಿನ ಪಕ್ಕ ಕುಳಿತರು. ಒಂದೊಂದೇ ಜಾಗ ಹೇಳತೊಡಗಿದರು. “ಎಡಗಡೆ... ಇನ್ನೂ ಹಿಂದೆ. ಸ್ಪ್ರಿಂಗ್ ಕೂರೋ ಜಾಗ. ಅಲ್ಲಿ ಮೊದಲು ತಟ್ಟು, ಆಮೇಲೆ ಚುಚ್ಚು. ಹೇಗೆ ಸದ್ದು ಬರುತ್ತೆ?”

“ಟಣ್ ಅನ್ನುತ್ತೆ.”

“ಬ್ರೇಕ್ ಪೈಪು ಕೈಯಲ್ಲಿ ಸವರು. ಒದ್ದೆ ಇದ್ಯಾ?”

“ಇಲ್ಲ. ಬರೀ ಧೂಳು.”

“ನೆಕ್ಕಿ ನೋಡು ಅಂದ್ರೂ ನೋಡ್ತಾಳೆ” ಎಂದೆ ನಾನು. ರ‍್ಯಾಂಪಿನ ಕೆಳಗಿನಿಂದ ನನಗೆ ಸಲ್ಲಬೇಕಾದ ಉತ್ತರವೇ ಬಂತು, ಇಲ್ಲಿ ಬರೆಯುವಂಥದ್ದಲ್ಲ.

ಮುಕ್ಕಾಲು ಗಂಟೆ ಹಿಡಿಯಿತು, ಸ್ಕ್ರೂಡ್ರೈವರ್ ಎಲ್ಲೂ ಒಳಗಿಳಿಯಲಿಲ್ಲ. ನೀಲಿ ಗಾಡಿ ಏಳು ಸೀಟಿನದು. ಡ್ರೈವರಮ್ಮ ಸೀಟು ಎಣಿಸಿದರು. ತಾವು ಒಬ್ಬರು, ಮಕ್ಕಳು ಏಳು. “ಒಂದು ಮಗೂಗೆ ಎರಡನೇ ಟ್ರಿಪ್ ಮಾಡ್ತೀನಿ” ಎಂದು ಬೀಗದ ಕೈಗೆ ಕೈಚಾಚಿದರು.

ಅವರು ಹೋದ ಮೇಲೆ ಸಾಹೇಬರು ಬೂದು ಗಾಡಿಯ ಕಟ್ಟನ್ನು ಮತ್ತೆ ಬಿಚ್ಚಿದರು. ಎಂಟನೆಯ ವರ್ಷದ ಹಾಳೆಯ ಹಿಂಬದಿಯಲ್ಲಿ, ಹಿಂದಿನ ಸೀಟಿನ ಕೆಳಗೆ ಚಾಸಿ ತುಕ್ಕು ಹಿಡಿದು ತೂತಾಗಿದೆ ಎಂದು ದಪ್ಪಕ್ಷರದಲ್ಲಿ ಬರೆದು, ಅಂದಿನ ತಾರೀಖು ಹಾಕಿ, ಚೇಳಿನ ಬಾಲ ಎಳೆದರು.

“ಇದನ್ನ ಬರೆದಿಟ್ಟು ಹೋದ್ರೆ ನಾನು ಗಾಡಿ ಹೇಗೆ ಮಾರ‍್ಲಿ ಸಾಹೇಬ್ರೇ?”

ಪೆನ್ನಿಗೆ ಮುಚ್ಚಳ ಹಾಕಿ ನನ್ನ ಮುಖ ನೋಡಿದರು.

“ತೂಕಕ್ಕೆ.”